ಭಂಗಿ ಸೊಪ್ಪಿನ ಔಷಧ ಉದ್ಯಮ: ಪರವಾನಗಿಯಿಂದ ದಾಸ್ತಾನು ಲೆಕ್ಕದವರೆಗೆ

‘ವಿಜಯಾ ಔಷಧ ತಯಾರಿಸಬೇಕೆಂದಿದ್ದೇವೆ, ಯಾವ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಕೊಳ್ಳಬೇಕು?’ ವಿಜಯಾ ಎಂದರೆ ಭಂಗಿ ಸೊಪ್ಪಿಗೆ ಆಯುರ್ವೇದದ ಹೆಸರು. ಈ ಪ್ರಶ್ನೆಯನ್ನು ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಕಡೆ ಶೆಡ್ ಹುಡುಕುತ್ತಿರುವ ಹೊಸ ಉದ್ಯಮಿಗಳೂ ಕೇಳುತ್ತಾರೆ, ಕ್ಲಿನಿಕ್ ತೆರೆಯಲು ಹೊರಟ ಆಯುರ್ವೇದ ವೈದ್ಯರೂ ಕೇಳುತ್ತಾರೆ. ಅಮೆರಿಕದ ಕೊಲರಾಡೊ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಸರ್ಕಾರವೇ ಗೊತ್ತುಮಾಡಿದ ‘ಮೆಟ್ರ್ಕ್’ ಎಂಬ ವ್ಯವಸ್ಥೆ ಇದೆ. ಗಿಡಕ್ಕೂ ಪೊಟ್ಟಣಕ್ಕೂ ಟ್ಯಾಗ್ ಕಟ್ಟಿ, ಬೆಳೆಯಿಂದ ಮಾರಾಟದವರೆಗಿನ ಪ್ರತಿ ಚಲನೆಯನ್ನೂ ಅದರಲ್ಲೇ ದಾಖಲಿಸಬೇಕು. ನಮ್ಮಲ್ಲಿ ಅಂಥ ಸರ್ಕಾರಿ ವ್ಯವಸ್ಥೆ ಇಲ್ಲ. ಹಾಗಾಗಿ ಸಾಫ್ಟ್‌ವೇರ್ ಕೊನೆಯ ಮಾತು. ಮೊದಲು ಬೇಕಾದದ್ದು ಗ್ರಾಂ ಗ್ರಾಮಿಗೂ ಉತ್ತರ ಕೊಡಬಲ್ಲ ಲೆಕ್ಕ.

ಇಷ್ಟು ಕಟ್ಟುನಿಟ್ಟು ಏಕೆಂದರೆ, 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಉಳಿದ ಕಾನೂನುಗಳ ಹಾಗಲ್ಲ. ಸಾಮಾನ್ಯ ಮೊಕದ್ದಮೆಯಲ್ಲಿ ತಪ್ಪನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಈ ಕಾಯ್ದೆಯ ಸೆಕ್ಷನ್ 35 ಮತ್ತು 54ರ ಪ್ರಕಾರ, ನಿಷಿದ್ಧ ವಸ್ತು ನಿಮ್ಮ ವಶದಲ್ಲಿತ್ತು ಎಂದು ಸಿದ್ಧವಾದರೆ ಸಾಕು, ನೀವು ತಿಳಿದೇ ಇಟ್ಟುಕೊಂಡಿದ್ದೀರಿ ಎಂದು ನ್ಯಾಯಾಲಯ ಭಾವಿಸಬಹುದು. ಹಾಗಲ್ಲ ಎಂದು ತೋರಿಸಬೇಕಾದವರು ನೀವು. ಕಂಪನಿ ಎಸಗಿದ ಅಪರಾಧಕ್ಕೆ ಅದರ ಉಸ್ತುವಾರಿ ಹೊತ್ತವರೂ ಹೊಣೆ ಎನ್ನುತ್ತದೆ ಸೆಕ್ಷನ್ 38. ಈ ಕಾಯ್ದೆಯಡಿ ಪರವಾನಗಿ ಪಡೆದವರು ಸಕಾರಣವಿಲ್ಲದೆ ಲೆಕ್ಕ ಇಡದಿದ್ದರೆ ಅಥವಾ ಸುಳ್ಳು ಲೆಕ್ಕ ಬರೆದರೆ ಸೆಕ್ಷನ್ 26ರಡಿ 3 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಒಂದು ಗ್ರಾಂ ಮಾಲು ಕಳ್ಳದಾರಿ ಹಿಡಿಯದಿದ್ದರೂ ಪುಸ್ತಕ ಸರಿಯಿಲ್ಲದ್ದೇ ಅಲ್ಲಿ ಅಪರಾಧ.

ಹಂತ 1: ನಿಮ್ಮ ವಸ್ತು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಒಂದೇ ಗಿಡ. ಆದರೆ ಅದರ ಭಾಗ ಬದಲಾದಂತೆ ಕಾನೂನೂ ಬದಲಾಗುತ್ತದೆ. ಹೂವು ಅಥವಾ ಕಾಯಿ ಕಟ್ಟಿದ ತುದಿಗಳು ಗಾಂಜಾ. ಬೇರ್ಪಡಿಸಿದ ಅಂಟು ಚರಸ್. ಎರಡೂ ಎನ್‌ಡಿಪಿಎಸ್ ಕಾಯ್ದೆಯ ಹಿಡಿತದಲ್ಲಿವೆ. ಗಾಂಜಾದಲ್ಲಿ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೇಲ್ಪಟ್ಟರೆ ವಾಣಿಜ್ಯ ಪ್ರಮಾಣ. ಚರಸ್‌ನಲ್ಲಿ ಈ ಮಿತಿಗಳು 100 ಗ್ರಾಂ ಮತ್ತು 1 ಕೆ.ಜಿ. ಆಗಿವೆ. ಎರಡರಲ್ಲೂ ವಾಣಿಜ್ಯ ಪ್ರಮಾಣಕ್ಕೆ ಶಿಕ್ಷೆ ಕನಿಷ್ಠ 10 ವರ್ಷ.

ಬೀಜ ಮತ್ತು ಎಲೆ, ತುದಿಗಳ ಜತೆಗೂಡಿರದಿದ್ದರೆ, ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಕರ್ನಾಟಕ ಹೈಕೋರ್ಟ್ 2022ರಲ್ಲಿ ಭಂಗಿಯ ಬಗ್ಗೆ ಹೇಳಿದ್ದೂ ಇದನ್ನೇ. ಆ ಆದೇಶದ ಸುದ್ದಿ ಓದಿ ‘ಸೊಪ್ಪಿಗೆ ಯಾವ ಕಾನೂನೂ ಇಲ್ಲ’ ಎಂದುಕೊಂಡವರು ಬಹಳ ಜನ. ಅದು ತಪ್ಪು. ಎನ್‌ಡಿಪಿಎಸ್‌ನಿಂದ ಹೊರಬಿದ್ದ ಸೊಪ್ಪು ರಾಜ್ಯದ ಅಬಕಾರಿ ಕಾನೂನಿಗೆ ಸಿಗುತ್ತದೆ. ಔಷಧ ಮಾಡಿದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಗೂ ಸಿಗುತ್ತದೆ.

ಹೆಚ್ಚಿನವರು ಎಡವುವುದು ಸಾರದ ವಿಷಯದಲ್ಲಿ. ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 2ರಲ್ಲಿ ‘ಔಷಧೀಯ ಕ್ಯಾನಬಿಸ್’ ಎಂಬುದಕ್ಕೆ ಪ್ರತ್ಯೇಕ ವ್ಯಾಖ್ಯೆಯೇ ಇದೆ: ಕಾಯ್ದೆ ಹೇಳುವ ಕ್ಯಾನಬಿಸ್‌ನಿಂದ ತೆಗೆದ ಯಾವುದೇ ಸಾರ ಅಥವಾ ಟಿಂಕ್ಚರ್. ಅದು ‘ತಯಾರಿಸಿದ ಮಾದಕ ದ್ರವ್ಯ’ಗಳ ಗುಂಪಿಗೆ ಸೇರುತ್ತದೆ. ಅಂದರೆ ಎಲೆಯಿಂದ ತೆಗೆದ ಸಾರ ಒಂದು, ಹೂತುದಿಯಿಂದ ತೆಗೆದ ಸಾರ ಮತ್ತೊಂದು. ಬಾಟಲಿಗೆ ಇಳಿದ ಮೇಲೆ ಎರಡೂ ಕಡುಹಸಿರು ಎಣ್ಣೆಯೇ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ತೋರಿಸಬಲ್ಲದ್ದು ಎಲೆ ಬಂದ ದಿನದಿಂದ ಇಟ್ಟ ದಾಖಲೆ ಮಾತ್ರ. ತೂಕದ ವಿಷಯದಲ್ಲೂ ಸಲೀಸು ನಿರೀಕ್ಷಿಸಬೇಡಿ. ಮಾದಕ ವಸ್ತುವಿನ ಪ್ರಮಾಣ ಲೆಕ್ಕ ಹಾಕುವಾಗ ಅದರಲ್ಲಿ ಬೆರೆತ ಇತರ ಪದಾರ್ಥದ ತೂಕವನ್ನೂ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ತಪ್ಪು ಸಾರ ಎಳ್ಳೆಣ್ಣೆಯಲ್ಲಿ ಬೆರೆತರೆ ಎಳ್ಳೆಣ್ಣೆಯ ತೂಕವೂ ಲೆಕ್ಕಕ್ಕೆ ಬರುತ್ತದೆ.

‘ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ ಇದ್ದರೆ ಸಮಸ್ಯೆಯಿಲ್ಲ’ ಎಂಬ ಮಾತೂ ಚಾಲ್ತಿಯಲ್ಲಿದೆ. ಟಿಎಚ್‌ಸಿ ಎಂದರೆ ಅಮಲು ತರುವ ಅಂಶ. ಸಿಬಿಡಿ ಅಮಲು ತರದ ಅಂಶ. ಈ ಶೇ 0.3 ಉತ್ತರಾಖಂಡ 2018ರಿಂದ ಕೈಗಾರಿಕಾ ಸೆಣಬು (ಗೋಣಿಯ ಸೆಣಬಲ್ಲ, ‘ಹೆಂಪ್’ ಎನ್ನುವ ಇದೇ ಭಂಗಿ ಗಿಡ) ಬೆಳೆಯಲು ಅನುಮತಿ ಕೊಡುವಾಗ ಇಟ್ಟುಕೊಂಡ ಮಿತಿ. ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಅಂಥ ಶೇಕಡಾವಾರು ವಿನಾಯಿತಿ ಇಲ್ಲ. ಅದನ್ನು ನಂಬಿ ವಿದೇಶದಿಂದ ಸಿಬಿಡಿ ಎಣ್ಣೆಯನ್ನು ಕೊರಿಯರ್‌ನಲ್ಲಿ ತರಿಸಬೇಡಿ. ಅನುಮತಿಯಿಲ್ಲದೆ ಹಿತ್ತಲಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧವೇ.

ಬೀಜದ ವ್ಯಾಪಾರ ಬೇರೆ ದಾರಿ. ಸೆಣಬಿನ ಬೀಜ, ಅದರ ಎಣ್ಣೆ, ಹಿಟ್ಟನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರ ನವೆಂಬರ್‌ನಲ್ಲಿ ಆಹಾರವೆಂದು ಒಪ್ಪಿದೆ. ಬೀಜ ಮತ್ತು ಎಣ್ಣೆಯಲ್ಲಿ ಒಟ್ಟು ಟಿಎಚ್‌ಸಿ ಕೆ.ಜಿ.ಗೆ 5 ಮಿ.ಗ್ರಾಂ, ಬೀಜದ ಪಾನೀಯದಲ್ಲಿ 0.2 ಮಿ.ಗ್ರಾಂ ಮೀರುವಂತಿಲ್ಲ. ಇದನ್ನೂ ಮಾಡುವವರಾದರೆ ಬೇರೆ ಕೋಣೆ, ಬೇರೆ ಪುಸ್ತಕ ಇಡಿ. ಆಹಾರದ ಪರವಾನಗಿ ತೋರಿಸಿ ಸೊಪ್ಪಿನ ಔಷಧ ಮಾರುವುದಕ್ಕೆ ಬರುವುದಿಲ್ಲ.

ಹಂತ 2: ಪರವಾನಗಿಗಳು

ಆಯುರ್ವೇದ ಔಷಧ ತಯಾರಿಕೆಗೆ ಫಾರ್ಮ್ 24-ಡಿಯಲ್ಲಿ ಅರ್ಜಿ, ಫಾರ್ಮ್ 25-ಡಿಯಲ್ಲಿ ಪರವಾನಗಿ. ಅರ್ಜಿ ಇ-ಔಷಧಿ ಪೋರ್ಟಲ್‌ನಲ್ಲಿ. ಕರ್ನಾಟಕದಲ್ಲಿ ನೋಡುವವರು ಆಯುಷ್ ಇಲಾಖೆಯ ಪರವಾನಗಿ ಪ್ರಾಧಿಕಾರ. ಅಲೋಪಥಿ ಔಷಧಗಳನ್ನು ನೋಡುವ ಔಷಧ ನಿಯಂತ್ರಣ ಇಲಾಖೆಗೆ ಹೋಗಿ ಸರದಿಯಲ್ಲಿ ನಿಲ್ಲಬೇಡಿ. ಸ್ವಂತ ಕಾರ್ಖಾನೆ ಇಲ್ಲದೆ ಇನ್ನೊಬ್ಬರ ಘಟಕದಲ್ಲಿ ತಯಾರಿಸುವುದಾದರೆ ಅದು ಲೋನ್ ಲೈಸೆನ್ಸ್, ಫಾರ್ಮ್ 24-ಇ ಮತ್ತು 25-ಇ. ಘಟಕ ಔಷಧ ಕಾಯ್ದೆಯ ನಿಯಮಗಳಲ್ಲಿನ ‘ಷೆಡ್ಯೂಲ್ ಟಿ’ ಪ್ರಕಾರ ಇರಬೇಕು. ಅದು ಶುದ್ಧ ತಯಾರಿಕಾ ಕ್ರಮದ ನಿಯಮಾವಳಿ; ತೃಪ್ತಿಯಾದರೆ ಫಾರ್ಮ್ 26 ಇ-1ರಲ್ಲಿ ಪ್ರಮಾಣಪತ್ರ ಸಿಗುತ್ತದೆ. ನಿಯಮ ಹೇಳುವ ಅರ್ಹತೆಯ ತಾಂತ್ರಿಕ ಸಿಬ್ಬಂದಿ, ಉದಾಹರಣೆಗೆ ಆಯುರ್ವೇದ ಪದವೀಧರರು, ಪೂರ್ಣಾವಧಿ ನೌಕರಿಯಲ್ಲಿರಲೇಬೇಕು. ಹೆಸರಿಗೆ ಸಹಿ ಹಾಕಿ ಹೋಗುವವರನ್ನು ಇಟ್ಟುಕೊಂಡರೆ ಮೊದಲ ತಪಾಸಣೆಯಲ್ಲೇ ಗೊತ್ತಾಗುತ್ತದೆ: ಹಾಜರಿ ಪುಸ್ತಕ, ಸಂಬಳದ ಬ್ಯಾಂಕ್ ದಾಖಲೆ, ಬ್ಯಾಚ್ ದಾಖಲೆಯ ಮೇಲಿನ ರುಜು, ಈ ಮೂರನ್ನೂ ಅಧಿಕಾರಿಗಳು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಔಷಧದ ಸೂತ್ರ ಎರಡು ಬಗೆ. 1940ರ ಔಷಧ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಗ್ರಂಥಗಳಲ್ಲಿ ಹೇಳಿದಂತೆಯೇ ಮಾಡಿದ್ದು ಶಾಸ್ತ್ರೀಯ ಔಷಧ. ಜಾತೀಫಲಾದಿ ಚೂರ್ಣ, ತ್ರೈಲೋಕ್ಯವಿಜಯಾ ವಟಿ ಈ ಸಾಲಿನವು. ಆ ಗ್ರಂಥಗಳ ದ್ರವ್ಯಗಳನ್ನೇ ನಿಮ್ಮದೇ ಪ್ರಮಾಣದಲ್ಲಿ ಕೂಡಿಸಿದರೆ ಪ್ರೊಪ್ರೈಟರಿ ಔಷಧ. ಭಂಗಿ ‘ಷೆಡ್ಯೂಲ್ ಇ(1)’ ಎಂಬ ವಿಷದ್ರವ್ಯಗಳ ಪಟ್ಟಿಯಲ್ಲಿ ಇರುವುದರಿಂದ, ಪ್ರೊಪ್ರೈಟರಿ ಆದರೆ ನಿಯಮ 158-ಬಿ ಪ್ರಕಾರ ಸುರಕ್ಷತೆಯ ಅಧ್ಯಯನ ಸಲ್ಲಿಸಬೇಕು. ಮೊದಲ ಸಲ ಈ ಕ್ಷೇತ್ರಕ್ಕೆ ಬರುವವರು ಶಾಸ್ತ್ರೀಯ ಸೂತ್ರದಿಂದಲೇ ಶುರುಮಾಡುವುದು ಜಾಣತನ.

ಕ್ಲಿನಿಕ್ ಇಡುವವರಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಪಾಲಿಕೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಎಲ್ಲ ಉದ್ಯಮಗಳಂತೆಯೇ.

ಹಂತ 3: ಸೊಪ್ಪು ತರಿಸುವುದು

ಅಬಕಾರಿ ಕಾನೂನಿನ ಭಾಷೆಯಲ್ಲಿ ‘ಆಮದು’ ಎಂದರೆ ಹೊರದೇಶದಿಂದಲ್ಲ, ಹೊರರಾಜ್ಯದಿಂದ ತರುವುದು. ಕೊಡುವ ರಾಜ್ಯದ ಅಬಕಾರಿ ಇಲಾಖೆಯಿಂದ ಹೊರಸಾಗಣೆಯ ರಹದಾರಿ, ಕರ್ನಾಟಕದ ಅಬಕಾರಿ ಇಲಾಖೆಯಿಂದ ಆಮದು ಅನುಮತಿ, ಎರಡೂ ಕೈಗೆ ಬಂದ ಮೇಲೆ ಲಾರಿ ಹೊರಡಲಿ. ಮಾಲಿನ ಮೌಲ್ಯ ₹50,000 ದಾಟಿದರೆ ಇ-ವೇ ಬಿಲ್ ಬೇಕು. ಅದರ ಅವಧಿ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ.

ರಹದಾರಿ, ಇನ್ವಾಯ್ಸ್, ಇ-ವೇ ಬಿಲ್, ಸಾಗಣೆ ರಸೀದಿ ನಾಲ್ಕರಲ್ಲೂ ವಸ್ತುವಿನ ಹೆಸರು, ಗಿಡದ ಭಾಗ, ಚೀಲಗಳ ಸಂಖ್ಯೆ, ನಿವ್ವಳ ತೂಕ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ‘ವಿಜಯಾ ಪತ್ರ’, ಇನ್ನೊಂದರಲ್ಲಿ ‘ಗಿಡಮೂಲಿಕೆ’, ಮತ್ತೊಂದರಲ್ಲಿ ಬರೀ ‘ಕ್ಯಾನಬಿಸ್’ ಎಂದು ಬರೆಸಿಕೊಂಡು ಬಂದ ಲಾರಿ ಚೆಕ್‌ಪೋಸ್ಟ್‌ನಲ್ಲಿ ನಿಂತರೆ ಚಾಲಕನ ಹತ್ತಿರ ಹೇಳಲು ಏನೂ ಇರುವುದಿಲ್ಲ. ರಹದಾರಿಯ ಅವಧಿ ದಾರಿಯಲ್ಲಿ ಮುಗಿಯುವುದು ಇನ್ನೊಂದು ಸಾಮಾನ್ಯ ತೊಡಕು. ಲಾರಿ ಕೆಟ್ಟರೆ ಚಾಲಕ ನಿಮಗೆ ಫೋನ್ ಮಾಡಬೇಕು, ನೀವು ಆಗಲೇ ಎರಡೂ ಇಲಾಖೆಗಳಿಗೆ ಇ-ಮೇಲ್ ಕಳಿಸಬೇಕು. ವಾಹನ ಬದಲಿಸಿದರೆ ಇ-ವೇ ಬಿಲ್‌ನಲ್ಲಿ ಹೊಸ ನಂಬರ್ ಸೇರಿಸದೆ ಚಕ್ರ ಉರುಳಬಾರದು.

ಹಂತ 4: ಚೀಲ ಬಿಚ್ಚುವ ಗಳಿಗೆ

ಇಡೀ ಸರಪಳಿಯಲ್ಲಿ ಅತಿ ಸೂಕ್ಷ್ಮವಾದ ಅರ್ಧ ಗಂಟೆ ಇದು. ‘ತುದಿಗಳ ಜತೆಗೂಡಿರದ ಎಲೆ’ ಎಂಬ ಕಾನೂನಿನ ಮಾತು ಕಣ್ಣೆದುರಿಗೆ ಬರುವುದು ಇಲ್ಲೇ.

ಮೊಹರು ಒಡೆಯುವ ಮೊದಲು ಪ್ರತಿ ಚೀಲದ ಫೋಟೊ ತೆಗೆಯಿರಿ. ಒಟ್ಟು ತೂಕ, ಆಮೇಲೆ ಖಾಲಿ ಚೀಲದ ತೂಕ, ಉಳಿದದ್ದು ನಿವ್ವಳ. ಹತ್ತು ಚೀಲಕ್ಕೆ ಒಂದರ ತೂಕ ಹಿಡಿದು ಗುಣಿಸಬೇಡಿ. ಒದ್ದೆಯಾದ ಗೋಣಿ ಒಣ ಗೋಣಿಗಿಂತ ಎಷ್ಟೋ ಭಾರ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಆ ವರ್ಷದ ಮುದ್ರೆ ಇರಲಿ. 5 ಗ್ರಾಂ ಏರಿಳಿತದ ಪ್ಲಾಟ್‌ಫಾರ್ಮ್ ತಕ್ಕಡಿ ಚೀಲಕ್ಕೆ ಸರಿ. ಅದರ ಮೇಲೆ 20 ಗ್ರಾಂ ಮಾದರಿ ತೂಗಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ, ಮಾದರಿಗೆ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು.

ಆಮೇಲೆ ಪ್ರತಿ ಚೀಲದ ಮೇಲ್ಭಾಗ, ನಡು, ತಳದಿಂದ ಒಂದೊಂದು ಹಿಡಿ ತೆಗೆದು ಬಿಳಿ ಹಾಳೆಯ ಮೇಲೆ ಹರಡಿ. ಒಳ್ಳೆಯ ಬೆಳಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇರಲಿ. ಎಲೆ ಚಪ್ಪಟೆಯಾಗಿ ಒಡೆಯುತ್ತದೆ, ಬೆರಳಿಗೆ ಅಂಟುವುದಿಲ್ಲ. ಹೂತುದಿಯಾದರೆ ಸಣ್ಣ ಸಣ್ಣ ಎಲೆಕವಚಗಳು ಒತ್ತಾಗಿ ಕೂಡಿದ ಗುಪ್ಪೆ, ನಡುವೆ ಕಂದು ಕೂದಲಿನಂಥ ಎಳೆ, ಮಸೂರದಲ್ಲಿ ಮಿನುಗುವ ಅಂಟಿನ ಗುಂಡುಗಳು. ಬೆರಳಲ್ಲಿ ಉಜ್ಜಿದರೆ ಜಿಗುಟು. ತಳದ ಹಿಡಿಯನ್ನು ಬಿಡಲೇಬೇಡಿ. ಲಾರಿ ಕುಲುಕಿದಾಗ ಭಾರವಾದ ತುದಿ, ಬೀಜ ಎಲ್ಲ ತಳಕ್ಕೆ ಇಳಿದಿರುತ್ತದೆ. ಮೇಲಿನ ಹಿಡಿ ಯಾವಾಗಲೂ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ತುದಿಗಳು ಸಿಕ್ಕವೋ, ಕೆಲಸ ಅಲ್ಲಿಗೇ ನಿಲ್ಲಿಸಿ. ಕೆಲಸಗಾರರು ಒಳ್ಳೆಯದಕ್ಕೆಂದೇ ಅವನ್ನು ಆರಿಸಿ ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ. ಆರಿಸಿ ತೆಗೆದ ಆ ಗುಪ್ಪೆ ಈಗ ನಿಮ್ಮ ವಶದಲ್ಲಿರುವ ಗಾಂಜಾ, ಅದೂ ಲೆಕ್ಕವಿಲ್ಲದ್ದು. ಆರಿಸಬೇಡಿ, ಎಸೆಯಬೇಡಿ, ಅದೇ ಲಾರಿಯಲ್ಲಿ ವಾಪಸ್ ಕಳಿಸಬೇಡಿ. ಚೀಲ ಹಾಗೇ ಕಟ್ಟಿ, ಮೊಹರು ಹಾಕಿ, ಇಬ್ಬರ ರುಜು ಪಡೆದು, ಬೇರೆ ಬೀಗದ ಕೋಣೆಯಲ್ಲಿಡಿ. ವಕೀಲರೊಂದಿಗೆ ಮಾತಾಡಿ ಅದೇ ದಿನ ಅಬಕಾರಿ ಇಲಾಖೆಗೂ ಮಾರಿದವರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ಸರಿಯಿದ್ದ ಮಾಲಿಗೆ ಲಾಟ್ ನಂಬರ್ ಕೊಡಿ. ‘ಕ-26-007’ ಎಂದರೆ ಕಚ್ಚಾ ಸಾಮಗ್ರಿ, 2026, ಏಳನೆಯ ಲಾಟ್. ಪ್ರಯೋಗಾಲಯದ ವರದಿ ಬರುವವರೆಗೆ ‘ತಡೆಹಿಡಿದಿದೆ’ ಎಂಬ ಹಳದಿ ಚೀಟಿ. ಬಂದ ಮೇಲೆ ಹಸಿರು ಅಥವಾ ಕೆಂಪು. ಹಳೆಯ ಲಾಟ್ ಅರ್ಧ ಉಳಿದಿರುವ ಡ್ರಮ್ಮಿಗೆ ಹೊಸ ಸೊಪ್ಪು ಸುರಿಯುವ ಅಭ್ಯಾಸ ಎಲ್ಲ ಕಡೆ ಇದೆ. ಒಂದು ಸಲ ಹಾಗೆ ಮಾಡಿದರೆ ಎರಡೂ ಲಾಟ್‌ಗಳ ಮೂಲ ಕೈತಪ್ಪಿತು.

ಹಂತ 5: ಬ್ಯಾಚ್ ಮತ್ತು ತೂಕದ ತಾಳೆ

ದಾಸ್ತಾನು ಪುಸ್ತಕದಲ್ಲಿ ಆರಂಭಿಕ ಶಿಲ್ಕು, ಬಂದದ್ದು, ಹೋದದ್ದು, ಅಂತಿಮ ಶಿಲ್ಕು, ಷರಾ, ಇಬ್ಬರ ರುಜು ಎಂದು ಕಲಂಗಳಿರಲಿ. ಇದು ಯಾವ ಅಂಗಡಿಯಲ್ಲೂ ಇರುವ ಲೆಕ್ಕ. ಸೊಪ್ಪಿನ ವಿಷಯದಲ್ಲಿ ಇದಕ್ಕೆ ತೇವಾಂಶದ ಕಲಂ ಸೇರದಿದ್ದರೆ ಪುಸ್ತಕ ಎಂದೂ ತಾಳೆಯಾಗುವುದಿಲ್ಲ.

ಒಂದು ಉದಾಹರಣೆ. 50.000 ಕೆ.ಜಿ. ಸೊಪ್ಪು ಬಂತು, ತೇವಾಂಶ ಶೇ 12. ಇದರಲ್ಲಿ ಒಣ ಪದಾರ್ಥ 50 × 88 ÷ 100 = 44.000 ಕೆ.ಜಿ. ಶೇ 8ಕ್ಕೆ ಒಣಗಿಸಿದಿರಿ. ಈಗ ತೂಕ 44 ÷ 0.92 = 47.826 ಕೆ.ಜಿ. ಎರಡು ಕೆ.ಜಿ.ಗಿಂತ ಹೆಚ್ಚು ‘ಕಾಣೆ’ಯಾಗಿದೆ. ಹೋದದ್ದು ನೀರು ಎಂದು ಆ ದಿನದ ತೇವಾಂಶದ ಚೀಟಿ ತೋರಿಸಿದರೆ ಪ್ರಶ್ನೆ ಮುಗಿಯಿತು. ಚೀಟಿ ಇಲ್ಲದಿದ್ದರೆ ತಪಾಸಣೆಗೆ ಬಂದವರ ಕಣ್ಣಿಗೆ 2.174 ಕೆ.ಜಿ. ಸೊಪ್ಪು ಹಿಂಬಾಗಿಲಿನಿಂದ ಹೋಗಿದೆ.

ಬೆಂಗಳೂರಿನ ಮಳೆಗಾಲದಲ್ಲಿ ಇದು ತಿರುವುಮುರುವಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ತಂಪು ಗಾಳಿಗೆ ತೆರೆದ ಸೊಪ್ಪು ತೇವ ಹೀರುತ್ತದೆ. ಅದೇ 47.826 ಕೆ.ಜಿ. ಶೇ 10 ತೇವಾಂಶಕ್ಕೆ ಏರಿದರೆ 48.889 ಕೆ.ಜಿ. ಆಗುತ್ತದೆ. ಪುಸ್ತಕದಲ್ಲಿ ಇರುವುದಕ್ಕಿಂತ ಒಂದು ಕೆ.ಜಿ. ಹೆಚ್ಚು! ಹೆದರಿದ ಉಸ್ತುವಾರಿ ಹೆಚ್ಚಿನದನ್ನು ಬರೆಯದೆ ಬಿಡುತ್ತಾನೆ. ಅಲ್ಲಿಂದ ಮುಂದಿನ ಏರಿಳಿತಕ್ಕೆ ಪುಸ್ತಕದಲ್ಲಿ ವಿವರಣೆಯೇ ಇರುವುದಿಲ್ಲ. ದಾರಿ ಒಂದೇ: ತೂಕವನ್ನು ಇದ್ದಂತೆಯೇ ಬರೆಯಿರಿ, ಪಕ್ಕದಲ್ಲಿ ತೇವಾಂಶ, ಅದರ ಪಕ್ಕದಲ್ಲಿ ಒಣ ತೂಕ. ತಾಳೆ ನೋಡುವುದು ಒಣ ತೂಕಕ್ಕೆ. ತೇವಾಂಶವನ್ನು ಪ್ರತಿ ಸಲವೂ ಒಂದೇ ವಿಧಾನದಲ್ಲಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿಯೇ ಅಳೆಯಿರಿ. ಎಲೆಯ ಪರಿಮಳದ ತೈಲಾಂಶವೂ ಆ ಬಿಸಿಗೆ ಸ್ವಲ್ಪ ಹಾರುವುದರಿಂದ, ವಿಧಾನ ಬದಲಾಯಿಸಿದರೆ ಅಂಕಿಯೂ ಬದಲಾಗುತ್ತದೆ. ದಾಸ್ತಾನನ್ನು ಗಾಳಿಯಾಡದ ಡ್ರಮ್ಮಿನಲ್ಲಿ, ಒಳಗೆ ದಪ್ಪ ಪಾಲಿಥಿನ್ ಚೀಲ ಹಾಕಿ ಇಟ್ಟರೆ ಈ ಏರಿಳಿತವೇ ಬಹಳ ಕಡಿಮೆ.

ಮುಂದೆ ಪುಡಿ ಮಾಡುವ ಹಂತ. 47.826 ಕೆ.ಜಿ. ಗಿರಣಿಗೆ ಹೋಯಿತು. ಜರಡಿಯಿಂದ ಇಳಿದ ಪುಡಿ 46.900, ಜರಡಿಯ ಮೇಲೆ ಉಳಿದ ನಾರು ಕಡ್ಡಿ 0.500, ತೆಗೆದಿಟ್ಟ ಮಾದರಿ 0.200. ಒಟ್ಟು 47.600. ಉಳಿದ 0.226 ಕೆ.ಜಿ., ಅಂದರೆ ಶೇ 0.47, ಧೂಳಾಗಿ ಹೋಗಿದೆ. ಇಷ್ಟು ನಷ್ಟ ಸಹಜವೇ ಎಂಬುದಕ್ಕೆ ಉತ್ತರ ನಿಮ್ಮ ಬಳಿಯೇ ಇರಬೇಕು. ಮೊದಲ ಕೆಲವು ಬ್ಯಾಚ್‌ಗಳ ನಷ್ಟ ಅಳೆದು ನಿಮ್ಮ ಯಂತ್ರದ ಮಿತಿಯನ್ನು ಲಿಖಿತವಾಗಿ ಗೊತ್ತುಪಡಿಸಿ. ಮಿತಿ ಮೀರಿದ ಬ್ಯಾಚ್ ಮುಂದಕ್ಕೆ ಹೋಗಬಾರದು. ಕಾರಣ ಹುಡುಕಿ ಬರೆದ ಮೇಲೆಯೇ ಹೋಗಲಿ. ಧೂಳು ಹೀರುವ ಯಂತ್ರದ ಚೀಲವನ್ನು ಪ್ರತಿ ಬ್ಯಾಚ್‌ಗೂ ತೂಗಿ. ಅರ್ಧ ‘ನಷ್ಟ’ ಅದರೊಳಗೇ ಕೂತಿರುತ್ತದೆ.

ಶೋಧನೆಯಲ್ಲಿ, ಅಂದರೆ ಔಷಧಕ್ಕೆ ಬಳಸುವ ಮೊದಲು ಸೊಪ್ಪನ್ನು ಶುದ್ಧಿ ಮಾಡುವ ಹಂತದಲ್ಲಿ, ಲೆಕ್ಕ ಇನ್ನೂ ತೊಡಕು. ಸೊಪ್ಪನ್ನು ನೀರಲ್ಲಿ ತೊಳೆದು ಒಣಗಿಸಿ ಹಸುವಿನ ತುಪ್ಪದಲ್ಲಿ ಹುರಿಯುವುದು ಒಂದು ಕ್ರಮ. ತೊಳೆದಾಗ ನೀರಿಗೆ ಬಿಡುವ ಅಂಶ ಹೋಗಿ ಒಣ ತೂಕವೂ ಇಳಿಯುತ್ತದೆ, ಹುರಿದಾಗ ತುಪ್ಪ ಸೇರಿ ಏರುತ್ತದೆ. ತುಪ್ಪವನ್ನು ಅಳತೆ ಲೋಟದಲ್ಲಿ ಹಾಕದೆ ತೂಗಿಯೇ ಹಾಕಿ; ಬಾಣಲೆಯನ್ನೂ ಮೊದಲು ಮತ್ತು ಆಮೇಲೆ ತೂಗಿ.

ಬ್ಯಾಚ್ ದಾಖಲೆಯಲ್ಲಿ ಯಾವ ಲಾಟ್‌ನಿಂದ ಎಷ್ಟು ಎಂದು ಪ್ರತ್ಯೇಕ ಇರಲಿ. ಎರಡು ಲಾಟ್ ಸೇರಿಸಬಹುದು, ಎರಡರ ತೂಕವೂ ಬೇರೆ ಬೇರೆ ಬರೆದಿದ್ದರೆ. ಉಳಿದ ಪುಡಿಯನ್ನು ‘ವ್ಯರ್ಥವಾಗುತ್ತದಲ್ಲ’ ಎಂದು ಮುಂದಿನ ಬ್ಯಾಚ್‌ಗೆ ಬೆರೆಸಬೇಡಿ. ಪುಸ್ತಕದಲ್ಲಿ ಚಿತ್ತು, ಬಿಳಿ ಬಣ್ಣ ಬೇಡ: ತಪ್ಪಾದರೆ ಒಂದೇ ಗೆರೆ ಎಳೆದು, ಸರಿಯಾದದ್ದು ಬರೆದು, ದಿನಾಂಕದೊಂದಿಗೆ ರುಜು ಮಾಡಿ. ಕಂಪ್ಯೂಟರ್ ಬಳಸುವುದಾದರೆ ಹಳೆಯ ಅಂಕಿಯನ್ನು ಅಳಿಸದೆ ಉಳಿಸುವ ತಂತ್ರಾಂಶವೇ ಬೇಕು. ಬರಿ ಎಕ್ಸೆಲ್ ಸಾಲದು. ಅದರಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಉಗ್ರಾಣಕ್ಕೆ ಎರಡು ಬೀಗ ಹಾಕಿ, ಬೀಗದ ಕೈ ಇಬ್ಬರ ಹತ್ತಿರ ಇರಲಿ. ದಿನದ ಕೊನೆಗೆ ತೆರೆದ ಡ್ರಮ್ಮುಗಳನ್ನು, ತಿಂಗಳಿಗೊಮ್ಮೆ ಎಲ್ಲವನ್ನೂ ತೂಗಿ. ತೂಗುವವರು ಪುಸ್ತಕ ಬರೆಯುವವರೇ ಆಗಬಾರದು.

ಹಂತ 6: ಪ್ರಯೋಗಾಲಯ

ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆಯಿದ್ದರೆ ಸಾಲದು, ಕ್ಯಾನಬಿನಾಯ್ಡ್ (ಟಿಎಚ್‌ಸಿ, ಸಿಬಿಡಿಯಂಥ ಅಂಶಗಳ) ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಇದೆಯೇ ಎಂದು ನೋಡಿ. ಮಾದರಿಯನ್ನು ಕಾಯಿಸದೆ, ದ್ರವದಲ್ಲಿ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನವನ್ನೇ ಕೇಳಿ. ಹಸಿ ಎಲೆಯಲ್ಲಿ ಹೆಚ್ಚಾಗಿ ಇರುವುದು ಟಿಎಚ್‌ಸಿಎ ಎಂಬ ಆಮ್ಲರೂಪ. ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಗ್ಯಾಸ್ ಕ್ರೊಮಾಟೊಗ್ರಫಿಯ ಬಿಸಿಗೆ ಈ ಬದಲಾವಣೆ ಯಂತ್ರದೊಳಗೇ ಆಗಿಬಿಡುವುದರಿಂದ ಎರಡರ ಪಾಲು ಬೇರೆಯಾಗಿ ತಿಳಿಯುವುದಿಲ್ಲ. ಒಟ್ಟು ಟಿಎಚ್‌ಸಿ ಲೆಕ್ಕ ಹೀಗೆ: ಟಿಎಚ್‌ಸಿ + 0.877 × ಟಿಎಚ್‌ಸಿಎ. ವರದಿಯಲ್ಲಿ ಟಿಎಚ್‌ಸಿ ಶೇ 0.10, ಟಿಎಚ್‌ಸಿಎ ಶೇ 1.00 ಇದ್ದರೆ ಒಟ್ಟು ಶೇ 0.977. ಮೊದಲ ಅಂಕಿ ಮಾತ್ರ ನೋಡಿ ಪ್ರಮಾಣ ಗೊತ್ತುಮಾಡಿದರೆ, ತುಪ್ಪದಲ್ಲಿ ಹುರಿದ ಮೇಲೆ ರೋಗಿಗೆ ಸಿಗುವ ಅಮಲಿನ ಅಂಶ ಹಲವು ಪಟ್ಟು ಹೆಚ್ಚಾಗಿರುತ್ತದೆ. ಆದ್ದರಿಂದ ಕಚ್ಚಾ ಎಲೆಯನ್ನೂ ಸಿದ್ಧ ಔಷಧವನ್ನೂ ಪರೀಕ್ಷಿಸಲೇಬೇಕು.

ಭಾರಲೋಹಗಳ ಮಿತಿ ಸೀಸಕ್ಕೆ 10, ಆರ್ಸೆನಿಕ್‌ಗೆ 3, ಪಾದರಸಕ್ಕೆ 1, ಕ್ಯಾಡ್ಮಿಯಂಗೆ 0.3 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು). ಈ ಗಿಡ ಮಣ್ಣಿನ ಲೋಹವನ್ನು ಚೆನ್ನಾಗಿ ಹೀರುವುದರಿಂದ ಪ್ರತಿ ಲಾಟ್‌ಗೂ ಮಾಡಿಸಿ. ಸೂಕ್ಷ್ಮಾಣು, ಕೀಟನಾಶಕ, ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಪರೀಕ್ಷೆಯೂ ಜತೆಗೇ. ಪ್ರಯೋಗಾಲಯಕ್ಕೆ ಕಳಿಸಿದ ಗ್ರಾಂಗಳೂ ‘ಹೋದದ್ದು’ ಕಲಂನಲ್ಲಿ ಬರಬೇಕು; ಮಾದರಿಯೊಂದಿಗೆ ಪರವಾನಗಿಯ ಪ್ರತಿ, ಡೆಲಿವರಿ ಚಲನ್ ಇಲ್ಲದೆ ಹುಡುಗನೊಬ್ಬನ ಬೈಕಿನಲ್ಲಿ ಕಳಿಸಬೇಡಿ.

ಹಂತ 7: ಲೇಬಲ್ ಮತ್ತು ಸಂಕೇತ

ನಿಯಮ 161ರಂತೆ ಎಲ್ಲ ದ್ರವ್ಯಗಳ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಪ್ರಮಾಣ ಇರಬೇಕು. ‘ಎಲೆ’ ಎಂಬ ಆ ಒಂದು ಪದವನ್ನು ಬಿಡಬೇಡಿ. ಷೆಡ್ಯೂಲ್ ಇ(1) ದ್ರವ್ಯ ಇರುವುದರಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು ಎಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಎದ್ದು ಕಾಣಬೇಕು. ನಿಯಮ ಕೇಳದಿದ್ದರೂ ಕನ್ನಡದಲ್ಲೂ ಹಾಕಿ. ಮನೆಯಲ್ಲಿ ಮಾತ್ರೆ ಕೊಡುವ ಅಮ್ಮನಿಗೋ ಅಜ್ಜಿಗೋ ಓದಲು ಬರುವುದು ಅದು.

ಆಯುರ್ವೇದ ಪೊಟ್ಟಣಕ್ಕೆ ಕ್ಯೂಆರ್ ಕೋಡ್ ಕಡ್ಡಾಯ ಎಂದು ಹೇಳಿ ಯಂತ್ರ ಮಾರುವವರಿದ್ದಾರೆ. 2023ರ ಆಗಸ್ಟ್ 1ರಿಂದ ಜಾರಿಯಾದ ಆ ನಿಯಮ 300 ಅಲೋಪಥಿ ಬ್ರಾಂಡ್‌ಗಳಿಗೆ ಸಂಬಂಧಿಸಿದ್ದು. ಆದರೂ ಹಾಕಿಕೊಳ್ಳುವುದು ಒಳ್ಳೆಯದು. ಬಾರ್‌ಕೋಡ್‌ಗಳ ಜಾಗತಿಕ ಪದ್ಧತಿಯಾದ ಜಿಎಸ್‌ವನ್‌ನಲ್ಲಿ 01 ಎಂದರೆ ಉತ್ಪನ್ನದ ಸಂಖ್ಯೆ, 10 ಬ್ಯಾಚ್, 17 ಅವಧಿ ಮುಗಿಯುವ ದಿನ, 21 ಆ ಪೊಟ್ಟಣದ ಕ್ರಮಸಂಖ್ಯೆ. ಕೊನೆಯದು ಇದ್ದರೆ ಒಂದೊಂದು ಪೊಟ್ಟಣವನ್ನೂ ಗುರುತಿಸಬಹುದು. ಮುದ್ರಿಸಿ ಹಾಳಾದ ಲೇಬಲ್‌ಗಳನ್ನೂ ಎಣಿಸಿ, ಹರಿದು, ಬರೆದಿಡಿ.

ಕ್ಯಾನ್ಸರ್, ಅಪಸ್ಮಾರ, ಮಧುಮೇಹ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಟ್ಟರೆ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎದುರಾಗುತ್ತದೆ. ರೋಗಿಯ ಹೊಗಳಿಕೆಯ ವಿಡಿಯೊ ಹಂಚಿಕೊಳ್ಳುವುದೂ ಜಾಹೀರಾತೇ. ನೋವಿನಲ್ಲಿರುವ ಮನೆಯವರು ಈ ಮಾತು ನಂಬಿ ನಡೆಯುತ್ತಿರುವ ಚಿಕಿತ್ಸೆ ಬಿಟ್ಟರೆ ಆಗುವ ಹಾನಿಯನ್ನು ಯಾವ ದಂಡವೂ ತುಂಬಿಕೊಡುವುದಿಲ್ಲ.

ಹಂತ 8: ಮಾರಾಟ

ನೋಂದಾಯಿತ ಆಯುರ್ವೇದ ವೈದ್ಯರ ಚೀಟಿ ನೋಡಿಯೇ ಕೊಡಿ. ಆನ್‌ಲೈನ್‌ನಲ್ಲಾದರೆ ಗ್ರಾಹಕರು ಚೀಟಿ ಅಪ್‌ಲೋಡ್ ಮಾಡಿದ ನಂತರವೇ ಷೆಡ್ಯೂಲ್ ಇ(1) ಔಷಧ ಮಾರಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಇ-ವಾಣಿಜ್ಯ ಜಾಲತಾಣಗಳಿಗೆ ಸೂಚಿಸಿದೆ. ವಿತರಣೆಯ ಪುಸ್ತಕದಲ್ಲಿ ಚೀಟಿಯ ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ, ಬ್ಯಾಚ್, ಪ್ರಮಾಣ ಬರೆಯಿರಿ. ಎಲ್ಲರೂ ಮರೆಯುವುದು ಬ್ಯಾಚ್ ನಂಬರನ್ನು. ಅದಿಲ್ಲದಿದ್ದರೆ ಹಿಂದಿನ ಏಳು ಹಂತಗಳ ಲೆಕ್ಕ ಕೌಂಟರಿನ ಮೇಲೆ ಕಡಿದುಹೋಗುತ್ತದೆ.

ರೋಗಿಗೆ ಹೇಳಬೇಕಾದದ್ದು ಎರಡು: ಔಷಧ ತೆಗೆದುಕೊಂಡು ವಾಹನ ಓಡಿಸಬಾರದು; ಸಿಂಗಪುರ, ಕೊಲ್ಲಿ ದೇಶಗಳಂಥ ಕಡೆಗೆ ಹೊರಟಾಗ ಜತೆಗೆ ಒಯ್ಯಲೇಬಾರದು, ನಮ್ಮ ವೈದ್ಯರ ಚೀಟಿ ಅಲ್ಲಿ ಕಾಪಾಡುವುದಿಲ್ಲ.

ಹಂತ 9: ವರದಿ, ಕಸ, ತಪಾಸಣೆ

ವರ್ಷದಲ್ಲಿ ಬಳಸಿದ ಕಚ್ಚಾ ಸಾಮಗ್ರಿಯ ವಿವರವನ್ನು ನಿಯಮ 157-ಎ ಪ್ರಕಾರ ‘ಷೆಡ್ಯೂಲ್ ಟಿಎ’ ನಮೂನೆಯಲ್ಲಿ ಮುಂದಿನ ಜೂನ್ 30ರೊಳಗೆ ಪರವಾನಗಿ ಪ್ರಾಧಿಕಾರಕ್ಕೂ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಗೂ ಕೊಡಬೇಕು. ಮಾರುಕಟ್ಟೆಯಿಂದ ಬಂದ ದೂರುಗಳ ದಾಖಲೆ ಆರು ತಿಂಗಳಿಗೊಮ್ಮೆ. ಬ್ಯಾಚ್‌ವಾರು ವಿತರಣೆಯ ಪುಸ್ತಕ ಆ ಬ್ಯಾಚ್‌ನ ಅವಧಿ ಮುಗಿಯುವವರೆಗೆ ಇರಬೇಕೆಂದು ಷೆಡ್ಯೂಲ್ ಟಿ ಹೇಳುತ್ತದೆ. ಮೊಕದ್ದಮೆ, ತೆರಿಗೆ ಎಲ್ಲ ಯೋಚಿಸಿದರೆ ಎಂಟು ವರ್ಷ ಇಡುವುದು ಕ್ಷೇಮ. ಟಿಎ ನಮೂನೆಯ ಒಟ್ಟು ತೂಕ ಅಬಕಾರಿ ರಹದಾರಿಗಳ ಒಟ್ಟು ತೂಕಕ್ಕೆ ಹೊಂದದಿದ್ದರೆ, ವ್ಯತ್ಯಾಸದ ಕಾರಣವನ್ನು ನೀವೇ ಬರೆದು ಲಗತ್ತಿಸಿ.

ಜರಡಿಯ ಕಡ್ಡಿ, ಧೂಳು, ಅವಧಿ ಮುಗಿದ ಪೊಟ್ಟಣ, ವಾಪಸ್ ಬಂದ ಮಾದರಿ, ಇವು ಪಾಲಿಕೆಯ ಕಸದ ಗಾಡಿಗೆ ಹೋಗುವಂತಿಲ್ಲ. ತೂಗಿ, ಮೊಹರು ಮಾಡಿ, ಬೀಗದಲ್ಲಿಟ್ಟು, ಅಬಕಾರಿ ಇಲಾಖೆಯ ಲಿಖಿತ ಅನುಮತಿ ಪಡೆದು ಅಧಿಕಾರಿಯ ಎದುರಿಗೇ ನಾಶಮಾಡಿಸಿ, ಆ ದಿನದ ಮಹಜರಿನ ಪ್ರತಿ ಪುಸ್ತಕಕ್ಕೆ ಅಂಟಿಸಿ.

ಆರು ತಿಂಗಳಿಗೊಮ್ಮೆ ಅಂಗಡಿಯಿಂದ ನಿಮ್ಮದೇ ಒಂದು ಪೊಟ್ಟಣ ತರಿಸಿ, ಅದು ಯಾವ ಚೀಲದ, ಯಾವ ರಹದಾರಿಯ ಸೊಪ್ಪು ಎಂದು ಹುಡುಕಿ. ಮತ್ತೆ ಆ ಚೀಲದಿಂದ ಹೊರಟ ಎಲ್ಲ ಪೊಟ್ಟಣ ಎಲ್ಲೆಲ್ಲಿವೆ ಎಂದು ಮುಂದಕ್ಕೆ ಹುಡುಕಿ. ಎರಡು ಗಂಟೆಯೊಳಗೆ ಎರಡೂ ಸಿಗಬೇಕು. ಸಿಗದಿದ್ದರೆ ಎಲ್ಲಿ ನಿಂತಿರೋ ಅಲ್ಲಿ ಪುಸ್ತಕ ಸರಿಯಿಲ್ಲ.

ಔಷಧ ನಿರೀಕ್ಷಕರು ಮಾದರಿ ತೆಗೆದರೆ ಫಾರ್ಮ್ 17ರಲ್ಲಿ ತಿಳಿವಳಿಕೆ ಪತ್ರ ಕೊಡಬೇಕು, ಮಾದರಿಯನ್ನು ಭಾಗ ಮಾಡಿ ಮೊಹರು ಹಾಕಿ ಒಂದು ಭಾಗ ನಿಮಗೂ ಬಿಡಬೇಕು. ಮಹಜರನ್ನು ಪೂರ್ತಿ ಓದಿ, ತೂಕ ಮತ್ತು ಬ್ಯಾಚ್ ನಂಬರ್ ನೋಡಿಕೊಂಡು ರುಜು ಮಾಡಿ. ನಿಮಗೆ ಬಿಟ್ಟ ಭಾಗದ ಮೊಹರನ್ನು ಯಾವ ಕಾರಣಕ್ಕೂ ಒಡೆಯಬೇಡಿ. ಸರ್ಕಾರಿ ವಿಶ್ಲೇಷಕರ ವರದಿ ನಿಮಗೆ ವಿರುದ್ಧವಾಗಿ ಬಂದರೆ, ಪ್ರತಿ ಕೈಸೇರಿದ 28 ದಿನದೊಳಗೆ ಅದನ್ನು ಪ್ರಶ್ನಿಸಿ ಸಾಕ್ಷ್ಯ ಒದಗಿಸುವುದಾಗಿ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಆ ವರದಿಯೇ ಅಂತಿಮ ಸಾಕ್ಷ್ಯವಾಗುತ್ತದೆ. ವರದಿ ಬಂದ ಲಕೋಟೆಯ ಮೇಲೆ ತಲುಪಿದ ದಿನಾಂಕ ಬರೆದು, ಲಕೋಟೆಯನ್ನೂ ಕಡತದಲ್ಲಿ ಸೇರಿಸಿ, ಅದೇ ದಿನ ವಕೀಲರಿಗೆ ಪ್ರತಿ ಕಳಿಸಿ.